ಎರೆ ಮಣ್ಣಿನ ಓಣಿ ತೋಟ: ಹೆಂಟೆ, ಹಳದಿ ಎಲೆ, ಬಿಳಿ ಪೊರೆ

ಪ್ರಶ್ನೆ: ವಿಜಯಪುರದ ಹೊರವಲಯದ ಬಡಾವಣೆಯಲ್ಲಿ ನಾವು 14 ಮನೆಯವರು ಸೇರಿ, ಖಾಲಿ ಬಿದ್ದಿದ್ದ 30×40 ಅಡಿ ಸೈಟಿನಲ್ಲಿ ಕಾಯಿಪಲ್ಯೆ ಬೆಳೆಯಲು ಹೊರಟಿದ್ದೇವೆ. ನಾವು ಕಲಿತು ಅಕ್ಕಪಕ್ಕದ ಓಣಿಗಳಿಗೂ ಕಲಿಸುವ ಯೋಚನೆ ಇದೆ. ಕಳೆದ ಜುಲೈನಲ್ಲಿ ಮಳೆ ನಿಂತ ಮರುದಿನವೇ ಅಗೆದು ಬಿತ್ತಿದೆವು. ಮಣ್ಣು ಕಲ್ಲಿನಂಥ ಹೆಂಟೆಯಾಯಿತು, ಅರ್ಧ ಸಸಿ ಕೊಳೆತವು, ಉಳಿದವು ಹಳದಿಯಾದವು. ಬೋರ್ ನೀರು ಹಾಕಿದ ಕಡೆಯೆಲ್ಲ ಬಿಳಿ ಪೊರೆ ಕಟ್ಟಿದೆ. ಎರಡು ಟ್ರಿಪ್ ಕೆಂಪು ಮಣ್ಣು ಮತ್ತು ನಾಲ್ಕು ಚೀಲ ಜಿಪ್ಸಂ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಿಸೋಣವೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಕೆಂಪು ಮಣ್ಣಂತೂ ಯಾವತ್ತೂ ಬೇಡ. ಜಿಪ್ಸಂ ಬೇಕೋ ಬೇಡವೋ ಎಂಬುದನ್ನು ಒಂದು ಲೋಟ ಮಳೆನೀರು ಹೇಳುತ್ತದೆ, ಅದನ್ನು ಮುಂದೆ ವಿವರಿಸಿದ್ದೇವೆ. ನಿಮ್ಮ ತೋಟ ಕೆಟ್ಟದ್ದಕ್ಕೆ ಮೊದಲ ಕಾರಣ ಪ್ರಶ್ನೆಯಲ್ಲೇ ಇದೆ: ಮಳೆ ನಿಂತ ಮರುದಿನವೇ ಅಗೆದಿರಿ.

ವಿಜಯಪುರದ ಎರೆ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿ. ಆ ಜೇಡಿಯ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹಸಿಯಿದ್ದಾಗ ಅದರಲ್ಲಿ ಸಲಿಕೆ ಆಡಿಸಿದರೆ, ಕಾಲಿಟ್ಟು ತುಳಿದರೆ, ಕಣಗಳ ನಡುವಿನ ಗಾಳಿಯ ಸಂದುಗಳೆಲ್ಲ ಮುಚ್ಚಿ ಕುಂಬಾರನ ಮಣ್ಣಿನಂತೆ ಕಲಸಿಹೋಗುತ್ತದೆ. ನಾಲ್ಕು ದಿನದ ಬಿಸಿಲಿಗೆ ಅದು ಹೆಂಟೆ. ನೀರು ನಿಂತ ಆ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಸಸಿ ಕೊಳೆಯುವುದು ಅದಕ್ಕೇ. ಅಗೆಯಲು ತಕ್ಕಷ್ಟು ತೇವ ಇರುವ ಸ್ಥಿತಿಗೆ ರೈತರು ಇಟ್ಟ ಹೆಸರು ಹದ. ಹದ ನೋಡುವುದು ಹೀಗೆ: ಒಂದು ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಕೈಬಿಡಿ. ಉಂಡೆ ಚಪ್ಪಟೆಯಾಗಿ ನೆಲಕ್ಕೆ ಅಂಟಿದರೆ ಇನ್ನೂ ಹಸಿ. ಮೂರು ನಾಲ್ಕು ಹೋಳಾಗಿ ಒಡೆದು, ಹೋಳುಗಳು ಬೆರಳಿಗೆ ಪುಡಿಯಾದರೆ ಹದ. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಮೇಲಿನ ಎರಡು ಇಂಚು ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಮೋಸಹೋಗುವುದೇ ಹೆಚ್ಚು, ಕೆಳಗೆ ಇನ್ನೂ ಬೆಣ್ಣೆಯಂತಿರುತ್ತದೆ. ಒಳ್ಳೆಯ ಮಳೆಯಾದ ಮೇಲೆ ಹದ ಬರಲು ಮೂರು ದಿನವೂ ಆಗಬಹುದು, ಎಂಟು ದಿನವೂ ಆಗಬಹುದು. ಕ್ಯಾಲೆಂಡರ್ ನೋಡಿ ಭಾನುವಾರ ಶ್ರಮದಾನ ಇಟ್ಟುಕೊಂಡರೆ ಮಣ್ಣು ಅದಕ್ಕೆ ಕಾಯುವುದಿಲ್ಲ.

ಈಗಿರುವ ಹೆಂಟೆಗಳನ್ನು ಕೊಡಲಿಯಿಂದ ಒಡೆಯುತ್ತ ಕೂರಬೇಡಿ. ಬೇಸಿಗೆಯಲ್ಲಿ ಒಣಗಿದ ನೆಲವನ್ನೇ ದೊಡ್ಡ ದೊಡ್ಡ ಹೆಂಟೆಯಾಗಿ ಎಬ್ಬಿಸಿ ಬಿಸಿಲಿಗೆ ಬಿಡಿ. ರೋಹಿಣಿ, ಮೃಗಶಿರ ಮಳೆಯ ನಾಲ್ಕು ಹನಿ ಬಿದ್ದರೆ ಕಾದ ಹೆಂಟೆ ತಾನೇ ಅರಳಿ ಪುಡಿಯಾಗುತ್ತದೆ. ಉಬ್ಬಿ ಕುಗ್ಗುವ ಗುಣ ಇಲ್ಲಿ ನಿಮ್ಮ ಪರ ಕೆಲಸ ಮಾಡುತ್ತದೆ. ಹೊಲದಲ್ಲಿ ಮಾಗಿ ಉಳುಮೆ ಮಾಡುವುದೂ ಇದೇ ಲೆಕ್ಕದಿಂದ.

ಕೆಂಪು ಮಣ್ಣು ಯಾಕೆ ಬೇಡ ಎಂದರೆ, ಸಡಿಲ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ಅಡಿಯ ಎರೆಗೆ ಬಂದು ನಿಲ್ಲುತ್ತದೆ. ಮೇಲೆ ನೋಡಿದರೆ ಒಣಗಿದ ಮಡಿ, ಕೆಳಗೆ ತುಂಬಿದ ಬೋಗುಣಿ. ಗಿಡ ಬಾಡಿದೆ ಎಂದು ಮತ್ತೆ ನೀರು ಹಾಕುತ್ತೀರಿ, ಬೇರು ಇನ್ನಷ್ಟು ಕೊಳೆಯುತ್ತದೆ. ಹಣ್ಣಿನ ಗಿಡದ ಗುಂಡಿಗೆ ಕೆಂಪು ಮಣ್ಣು ತುಂಬಿಸುವವರಿಗೂ ಇದೇ ಗತಿ. ಅಗೆದ ಎರೆ ಮಣ್ಣಿಗೇ ಐದರಲ್ಲಿ ಒಂದು ಪಾಲು ಹಳೆಯ ಗೊಬ್ಬರ ಬೆರೆಸಿ ಗುಂಡಿ ತುಂಬಿ. ಗುಂಡಿಯ ಗೋಡೆ ಸಲಿಕೆಯ ಉಜ್ಜಿಗೆ ನುಣುಪಾಗಿ ಹೊಳೆಯುತ್ತಿದ್ದರೆ ಕುರ್ಪಿಯಿಂದ ಕೆರೆದು ಒರಟು ಮಾಡಿ. ಇಲ್ಲದಿದ್ದರೆ ಬೇರು ಕುಂಡದಲ್ಲಿದ್ದಂತೆ ಒಳಗೇ ಸುತ್ತುತ್ತದೆ. ಇನ್ನು ಆ ಎರಡು ಟ್ರಿಪ್ ಮಣ್ಣು ಎಲ್ಲಿಂದಲೋ ಒಂದು ಗುಡ್ಡ ಕೆರೆದೇ ಬರಬೇಕು. ಪರಿಸರದ ಪಾಠ ಹೇಳುವ ತೋಟ ಅಲ್ಲಿಂದ ಶುರುವಾದರೆ ಚೆನ್ನಾಗಿರುವುದಿಲ್ಲ. ಕೆರೆಯ ಹೂಳೂ ನಿಮಗೆ ಬೇಡ, ಅದು ಜೇಡಿಯ ಮೇಲೆ ಮತ್ತಷ್ಟು ಜೇಡಿ. ಮರಳು ಮಿಶ್ರಿತ ಕೆಂಪು ನೆಲ ಇರುವವರಿಗೆ ಅದು ಒಳ್ಳೆಯದು.

ಈಗ ಲೋಟದ ಪರೀಕ್ಷೆ. ಇದನ್ನು 14 ಮನೆಯವರೂ ಕೂಡಿ ಮಾಡಿ. ನೆರಳಲ್ಲಿ ಒಣಗಿಸಿದ ಮಣ್ಣಿನ, ಕಡಲೆ ಕಾಳಿನಷ್ಟು ದೊಡ್ಡ ನಾಲ್ಕೈದು ತುಣುಕು ಬೇಕು. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರು ಇರಲಿ. ಬೋರ್ ನೀರು ಬಳಸಬೇಡಿ, ಅದರಲ್ಲಿರುವ ಉಪ್ಪು ಫಲಿತಾಂಶವನ್ನೇ ಮುಚ್ಚಿಹಾಕುತ್ತದೆ. ತುಣುಕುಗಳನ್ನು ಮೆಲ್ಲಗೆ ಇಳಿಬಿಟ್ಟು, ಕಲಕದೆ, ಅಲುಗಿಸದೆ ಇಡಿ. ಹತ್ತು ನಿಮಿಷಕ್ಕೆ, ಎರಡು ತಾಸಿಗೆ, ಮರುದಿನ ಹೀಗೆ ಮೂರು ಸಲ ನೋಡಿ. ತುಣುಕು ಕುಸಿದು ಸಣ್ಣ ಗುಪ್ಪೆಯಾಗಿ ಕೂತು, ಸುತ್ತಲ ನೀರು ತಿಳಿಯಾಗೇ ಇದ್ದರೆ ಮಣ್ಣಿಗೆ ಬೇಕಿರುವುದು ಸಾವಯವ ಅಂಶ ಮಾತ್ರ, ಜಿಪ್ಸಂ ದಂಡ. ತುಣುಕಿನ ಸುತ್ತ ಹಾಲು ಹನಿಸಿದಂತೆ ಬಿಳಿಚು ಮೋಡ ಹರಡಿ ಮರುದಿನವೂ ನೀರು ತಿಳಿಯಾಗದಿದ್ದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ, ಅದು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ತೇಲಿಸುತ್ತಿದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಕೀಳುತ್ತದೆ. ಆದರೆ ಕಿತ್ತ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಲು ದಾರಿ ಇರಬೇಕು. ಕಾಲುವೆ ತೆಗೆಯದೆ ಜಿಪ್ಸಂ ಸುರಿದರೆ ಒಳಗಿದ್ದ ಉಪ್ಪಿಗೆ ಇನ್ನೊಂದು ಉಪ್ಪು ಸೇರಿಸಿದಂತೆ.

ಪ್ರಮಾಣದ ಮಾತೂ ಇದೆ. 50 ಕೆಜಿಯ ನಾಲ್ಕು ಚೀಲ ಎಂದರೆ ನಿಮ್ಮ ಸುಮಾರು 111 ಚದರ ಮೀಟರಿಗೆ 200 ಕೆಜಿ, ಚದರ ಮೀಟರಿಗೆ 1.8 ಕೆಜಿ, ಹೆಕ್ಟೇರ್ ಲೆಕ್ಕದಲ್ಲಿ 18 ಟನ್! ಮೋಡ ಕಂಡರೂ ಮಣ್ಣು ಪರೀಕ್ಷೆಯ ವರದಿ ಬರುವ ತನಕ ಚದರ ಮೀಟರಿಗೆ 250 ಗ್ರಾಂ ದಾಟಬೇಡಿ.

ಬಿಳಿ ಪೊರೆಯ ಜಾತಿಯನ್ನೂ ಪತ್ತೆ ಮಾಡಬಹುದು. ಒಂದು ಚಿಟಿಕೆ ಕೆರೆದು ಚಮಚದಲ್ಲಿ ಮಳೆನೀರು ಹಾಕಿ ಅಲ್ಲಾಡಿಸಿ. ಕರಗಿಹೋದರೆ ಉಪ್ಪು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಸವಳು. ಕರಗದೆ ಉಳಿದದ್ದಕ್ಕೆ ನಾಲ್ಕು ಹನಿ ಲಿಂಬೆರಸ ಬಿಟ್ಟಾಗ ಚುಸ್ ಎಂದು ನೊರೆ ಬಂದರೆ ಸುಣ್ಣ. ವಿಜಯಪುರದ ಬೋರ್ ನೀರಿನಲ್ಲಿ ಎರಡೂ ಇರುವುದು ಸಾಮಾನ್ಯ. ಸುಣ್ಣ ಗಿಡವನ್ನು ಕೊಲ್ಲುವುದಿಲ್ಲ, ಹಳದಿ ಮಾಡುತ್ತದೆ. ಸವಳು ಬೀಜವನ್ನು ಮೊಳೆಯಲೇ ಬಿಡುವುದಿಲ್ಲ, ಎಲೆಯ ಅಂಚು ಸುಡುತ್ತದೆ.

ನೀರಿನ ಉಪ್ಪಿನಂಶವನ್ನು ಅಳೆಸಿಬಿಡಿ. ಮನೆಗೆ ಫಿಲ್ಟರ್ ರಿಪೇರಿಗೆ ಬರುವವರ ಬಳಿ ಇರುವ ಟಿಡಿಎಸ್ ಪೆನ್ ಅಂದಾಜಿಗೆ ಸಾಕು. ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. 450ರಿಂದ 2000 ನಡುವೆ ಇದ್ದರೆ ಬೆಳೆ ಆರಿಸಿ ಬೆಳೆಯಬೇಕು. 2000 ದಾಟಿದರೆ ಆ ನೀರನ್ನೇ ನೆಚ್ಚಿ ಕಾಯಿಪಲ್ಯೆ ಮಾಡಬೇಡಿ. ಶುದ್ಧ ನೀರಿನ ಘಟಕದಿಂದ ಹೊರಹೋಗುವ ನೀರು ವ್ಯರ್ಥವಾಗುತ್ತದಲ್ಲ ಎಂದು ತೋಟಕ್ಕೆ ತಿರುಗಿಸುವವರಿದ್ದಾರೆ. ಬೋರ್ ನೀರಿನ ಉಪ್ಪೆಲ್ಲ ಗಟ್ಟಿಯಾಗಿ ಉಳಿದಿರುವುದೇ ಅದರಲ್ಲಿ. ಬಟ್ಟೆ ಯಂತ್ರದ ಸಾಬೂನು ನೀರಿನಲ್ಲೂ ಸೋಡಿಯಂ ಹೇರಳ. ಕಾಯಿಪಲ್ಯೆ, ಪಾತ್ರೆ ತೊಳೆದ ಮೊದಲ ನೀರು ಪರವಾಗಿಲ್ಲ.

ಉಪ್ಪು ನೀರಿನ ಊರಿನಲ್ಲಿ ಬೆಳೆಯನ್ನು ಋತುವಿಗೆ ಹೊಂದಿಸುವುದೇ ಜಾಣತನ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550ರಿಂದ 600 ಮಿಲಿಮೀಟರ್ ಮಳೆ, ಅದರಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರದ ಪಾಲು ದೊಡ್ಡದು. ಹುಬ್ಬಿ, ಉತ್ತರಿ, ಹಸ್ತ ಮಳೆಗಳು ಮಡಿಯ ಮೇಲಿನ ಉಪ್ಪನ್ನು ಕೆಳಗೆ ತೊಳೆಯುತ್ತವೆ. ಉಪ್ಪು ತಾಳದ ಗಜ್ಜರಿ, ಉಳ್ಳಾಗಡ್ಡಿ, ಬೀನ್ಸ್, ಮೂಲಂಗಿಗಳನ್ನು ಆ ತೊಳೆದ ಮಣ್ಣಿನಲ್ಲಿ ಅಕ್ಟೋಬರ್‌ನಿಂದ ಜನವರಿಯೊಳಗೆ ಮುಗಿಸಿಬಿಡಿ. ಹಿಂಗಾರಿ ಜೋಳ ಬೆಳೆಯುವುದೂ ಅದೇ ತೇವದಲ್ಲಿ ತಾನೇ. ಫೆಬ್ರುವರಿಯ ನಂತರ ಬೋರ್ ನೀರೇ ಗತಿಯಾದಾಗ ಚವಳಿಕಾಯಿ (ಗೋರಿಕಾಯಿ), ಅಲಸಂದಿಗೆ ಬನ್ನಿ. ಮಣ್ಣಿನ ಉಪ್ಪಿನಂಶ ತೋರಿಸುವ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮನ್ಸ್ ದಾಟುತ್ತಲೇ ಬೀನ್ಸ್, ಗಜ್ಜರಿಯ ಇಳುವರಿ ಬೀಳಲು ಶುರುವಾಗುತ್ತದೆ, ಟೊಮ್ಯಾಟೊ 2.5ರ ತನಕ ತಡೆಯುತ್ತದೆ, ಬೀಟ್‌ರೂಟ್ 4ರ ತನಕ, ಅಲಸಂದಿ ಸುಮಾರು 5ರ ತನಕ. ಚವಳಿ 8 ದಾಟಿದರೂ ಜಗ್ಗುವುದಿಲ್ಲ. ಎಣ್ಣೆಗಾಯಿ ಬದನೆಯನ್ನು ಗಟ್ಟಿ ಬೆಳೆ ಎಂದುಕೊಂಡಿರುತ್ತೇವೆ, ಉಪ್ಪಿನ ಮಟ್ಟಿಗೆ ಅದು ಟೊಮ್ಯಾಟೊಗಿಂತ ಸೂಕ್ಷ್ಮ. ಗಿಡಮರಗಳಲ್ಲಿ ಬಾರಿ ಹಣ್ಣು, ಅಂಜೂರ ಉಪ್ಪು ತಾಳುತ್ತವೆ. ಇಂಡಿ ಸೀಮೆಯ ಹೆಸರಾದ ಲಿಂಬೆ ಅಷ್ಟು ತಾಳುವುದಿಲ್ಲ, ಸಿಹಿ ನೀರು ಇದ್ದರೆ ಮಾತ್ರ ಹಚ್ಚಿ.

ಮಳೆನೀರು ಹಿಡಿಯುವುದು ನಿಮಗೆ ಕಷ್ಟವಲ್ಲ. 100 ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲೊಂದು ಪಾಲು ಹೋಯಿತು ಎಂದು ಬಿಟ್ಟರೂ 2000 ಲೀಟರ್ ಸಿಗುತ್ತದೆ. ಸೈಟಿಗೆ ಹತ್ತಿರದ ಎರಡು ಮನೆಯ ಪೈಪಿಗೆ ಒಂದೊಂದು ಟ್ಯಾಂಕ್ ಇಡಿ. ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಟ್ಟು, ಆಮೇಲೆ ತುಂಬಿಸಿ. ಈ ನೀರನ್ನು ಸಸಿ ಮಡಿಗೆ, ಸಿಂಪರಣೆಗೆ ಮತ್ತು ಮಡಕೆಗೆ ಮೀಸಲಿಡಿ. ಮಡಕೆ ಎಂದರೆ ಮೆರುಗು ಹಚ್ಚದ, ಏಳೆಂಟು ಲೀಟರ್ ಹಿಡಿಯುವ ಸಾದಾ ಮಣ್ಣಿನ ಗಡಿಗೆ. ಕುತ್ತಿಗೆ ತನಕ ಹೂತು, ಸುತ್ತ ಒಂದು ಗೇಣು ಬಿಟ್ಟು ನಾಲ್ಕು ಸಸಿ ಹಚ್ಚಿದರೆ, ಬೇರು ಎಷ್ಟು ಎಳೆದರೆ ಅಷ್ಟು ಜಿನುಗುತ್ತದೆ. ಬಾಯಿ ಮುಚ್ಚಿರಬೇಕು, ಇಲ್ಲದಿದ್ದರೆ ಸೊಳ್ಳೆ. ಎರಡು ಬೇಸಿಗೆ ಬೋರ್ ನೀರು ತುಂಬಿಸಿದರೆ ಮಡಕೆಯ ರಂಧ್ರಗಳಲ್ಲಿ ಸುಣ್ಣ ಕಟ್ಟಿ ಜಿನುಗು ನಿಲ್ಲುತ್ತದೆ. ಆಗ ತೆಗೆದು ಲಿಂಬೆ ಸಿಪ್ಪೆಯ ಹುಳಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಉಜ್ಜಿ.

ಹಳದಿ ಎಲೆಗೆ ಬರೋಣ. ಯಾವ ಎಲೆ ಹಳದಿಯಾಯಿತು ಎಂದು ನೀವು ಬರೆದಿಲ್ಲ, ಉತ್ತರವೆಲ್ಲ ಅದರಲ್ಲೇ ಇದೆ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಜಾಲದಂತೆ ಉಳಿದರೆ ಕಬ್ಬಿಣದ ಕೊರತೆ. ಜುಲೈನಲ್ಲಿ ನೀರು ನಿಂತ ಸುಣ್ಣದ ನೆಲದಲ್ಲಿ ಎರಡನೆಯದರ ಸಾಧ್ಯತೆಯೇ ಹೆಚ್ಚು. ಈ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ರಸಸಾರ (ಪಿಎಚ್) 8 ದಾಟಿದ ಸುಣ್ಣದ ನೆಲದಲ್ಲಿ ಅದು ಬೇರಿಗೆ ಸಿಗದ ರೂಪದಲ್ಲಿ ಕೂತಿರುತ್ತದೆ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಹಾಕಿದರೆ ಅದೂ ಕೆಲವೇ ದಿನದಲ್ಲಿ ಹಾಗೇ ಆಗುತ್ತದೆ. ಎಲೆಗೆ ಸಿಂಪಡಿಸಬೇಕು. ಒಂದು ಲೀಟರ್ ಮಳೆನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ಲಿಂಬೆಹುಳಿ, ಅದು ಕರಗಿದ ಮೇಲೆ 5 ಗ್ರಾಂ ಅನ್ನಭೇದಿ. ಸಂಜೆ ಹೊತ್ತು, ಎಲೆಯ ಎರಡೂ ಬದಿ ತೋಯುವಂತೆ, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ. ಅನ್ನಭೇದಿ ಹರಳು ತಿಳಿ ಹಸಿರಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅಂಗಡಿಗೇ ವಾಪಸ್ ಕೊಡಿ. ಬೋರ್ ನೀರಿನಲ್ಲಿ ಕಲಸಿದರೆ ಪಂಪಿನೊಳಗೇ ಕಂದು ಗಸಿಯಾಗುತ್ತದೆ. ರಂಜಕದ ಡಿಎಪಿ ಗೊಬ್ಬರವನ್ನು ಹಿಡಿಗಟ್ಟಲೆ ಹಾಕುವ ಚಟವಿದ್ದರೆ ಬಿಡಿ, ಹೆಚ್ಚಾದ ರಂಜಕ ಕಬ್ಬಿಣ ಮತ್ತು ಸತು ಎರಡನ್ನೂ ಅಡ್ಡಗಟ್ಟುತ್ತದೆ.

ಇನ್ನೊಂದು ಮಾತು, ಒಲೆಯ ಬೂದಿ. ಮಡಿಗೆ ಬೂದಿ ಎರಚುವುದು ಅಜ್ಜಿಯ ಕಾಲದಿಂದ ಬಂದದ್ದು. ಖಾನಾಪುರ ಕಡೆಯ ಹುಳಿ ಮಣ್ಣಿಗೆ ಅದು ಸರಿ, ನಿಮ್ಮ ಸುಣ್ಣದ ನೆಲಕ್ಕೆ ಅದು ಇನ್ನಷ್ಟು ಸುಣ್ಣ. ಪಾತ್ರೆ ತಿಕ್ಕಲು ಇಟ್ಟುಕೊಳ್ಳಿ.

ಮಡಿಗಳನ್ನು ಎತ್ತರಿಸಿ ಮಾಡಿ: 3 ಅಡಿ ಅಗಲ, 10 ಅಡಿ ಉದ್ದ, 9 ಇಂಚು ಎತ್ತರ, ನಡುವೆ ಒಂದೂವರೆ ಅಡಿ ದಾರಿ. ದಾರಿಯ ಮಣ್ಣನ್ನೇ ತೆಗೆದು ಮಡಿಗೆ ಏರಿಸಿದರೆ ದಾರಿಯೇ ಬಸಿಗಾಲುವೆಯಾಗುತ್ತದೆ. ಎಲ್ಲ ದಾರಿಗಳೂ ಸೈಟಿನ ತಗ್ಗು ಮೂಲೆಗೆ ಇಳಿಯಬೇಕು, ಅಲ್ಲಿಂದ ನೀರು ಹೊರಗೆ ಹೋಗಬೇಕು. ಇಂಗುಗುಂಡಿ ತೋಡಿದರೆ ಎರೆಯಲ್ಲಿ ಅದು ವಾರಗಟ್ಟಲೆ ತುಂಬಿ ನಿಲ್ಲುತ್ತದೆ. ಮಡಿಗೆ 15 ಕೆಜಿ ಕಳಿತ ಗೊಬ್ಬರ ಮೇಲಿನ ಅರ್ಧ ಗೇಣಿನಲ್ಲಿ ಬೆರೆಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳುವನ್ನು ಕರೆದು ಕೂರಿಸಿದಂತೆ. ಈ ವರ್ಷ ನಾಲ್ಕೇ ಮಡಿ ಸಾಕು. ಹತ್ತು ಮಡಿ ಮಾಡಿ ಏಪ್ರಿಲ್‌ನಲ್ಲಿ ಒಣಗಿಸುವ ಬದಲು ನಾಲ್ಕನ್ನು ವರ್ಷಪೂರ್ತಿ ಹಸಿರಿಡುವುದು ಹೆಚ್ಚು ಕಲಿಸುತ್ತದೆ.

ಮೇಲೆ ಹೊದಿಕೆ ಬೇಕೇ ಬೇಕು. ಎರೆ ನೆಲ ಬಿರುಕು ಬಿಟ್ಟರೆ ತೇವವೆಲ್ಲ ಬಿರುಕಿನ ಗೋಡೆಗಳಿಂದ ಆರಿಹೋಗುತ್ತದೆ, ಹಾಕಿದ ನೀರು ಬೇರು ಮುಟ್ಟದೆ ಪಾತಾಳಕ್ಕೆ ಇಳಿಯುತ್ತದೆ. ಹೊಲದಲ್ಲಿ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವಂತೆ ಮಡಿಯಲ್ಲಿ ಕುರ್ಪಿ ಆಡಿಸಿ, ಅದರ ಮೇಲೆ ಕತ್ತರಿಸಿದ ಜೋಳದ ಕಣಿಕೆ ಅಥವಾ ಕಬ್ಬಿನ ರವದಿಯನ್ನು ಮೂರು ಇಂಚು ಹಾಸಿ. ಕಬ್ಬಿನ ಹೊಲದಲ್ಲಿ ಬೆಂಕಿಗೆ ಹೋಗುವ ರವದಿ ಕೇಳಿದರೆ ಸಿಕ್ಕೀತು. ಅದನ್ನು ಮಣ್ಣಿಗೆ ಬೆರೆಸಬೇಡಿ, ಕೊಳೆಯಲು ಬೇಕಾದ ಸಾರಜನಕವನ್ನು ಗಿಡದ ಬಾಯಿಂದಲೇ ಕಸಿಯುತ್ತದೆ. ಕಾಂಡದಿಂದ ನಾಲ್ಕು ಬೆರಳು ದೂರವಿದ್ದರೆ ಗೆದ್ದಲು ಗಿಡಕ್ಕೆ ಹತ್ತುವುದಿಲ್ಲ. ಹೊದಿಕೆಯಿಲ್ಲದ ಮಡಿಗೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಒಂದು ಬಕೆಟ್, ಅಂದರೆ 15 ಲೀಟರ್ ಬೇಕು. ಹೊದಿಕೆ ಇದ್ದರೆ ಅದರಲ್ಲಿ ಎಷ್ಟು ಉಳಿಯಿತು ಎಂಬುದನ್ನು ಬಕೆಟ್ ಎಣಿಸಿ ಗೋಡೆಯ ಮೇಲೆ ಬರೆಯಿರಿ. ದಿನಾ ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕಿ, ಚಿಮುಕಿಸಿದ ಉಪ್ಪುನೀರು ಮೇಲೆಯೇ ಆರಿ ಪೊರೆ ಕಟ್ಟುತ್ತದೆ.

ಗೊಬ್ಬರದ ಗುಪ್ಪೆ ಮೂರು ಅಡಿ ಉದ್ದ, ಅಗಲ, ಎತ್ತರ ಇರಲಿ, ಅದಕ್ಕಿಂತ ಸಣ್ಣದಾದರೆ ಕಾವು ಹಿಡಿಯದು. ಮೂರು ಬುಟ್ಟಿ ಒಣ ಕಸಕ್ಕೆ ಒಂದು ಬುಟ್ಟಿ ಅಡುಗೆಮನೆಯ ಹಸಿ ಕಸ. ಖಾಲಿ ಸೈಟುಗಳ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ ಕೈಗವಸು ಹಾಕಿ ಕಿತ್ತು ಸೇರಿಸಬಹುದು. ಬಿಳಿ ಹೂ ಕಂಡ ಮೇಲೆ ಸೇರಿಸಿದರೆ ಬೀಜವನ್ನೇ ಮಡಿಗೆ ಬಿತ್ತಿದಂತೆ. ಹೇನು, ಬಿಳಿನೊಣಕ್ಕೆ ಬೇವಿನ ಬೀಜದ ತಿರುಳು ಲೀಟರಿಗೆ 50 ಗ್ರಾಂ, ರಾತ್ರಿ ನೆನೆಸಿ ಸೋಸಿ, ಚಿಟಿಕೆ ಸಾಬೂನು, ಸಂಜೆ ಸಿಂಪರಣೆ. ಇದಕ್ಕೂ ಮಳೆನೀರೇ ಬೇಕು, ಗಡಸು ನೀರಿನಲ್ಲಿ ಸಾಬೂನು ಮೊಸರಾಗುತ್ತದೆ.

ಕಲಿಸುವ ವಿಚಾರ. ಪರಿಸರ ದಿನವೆಂದು ಜೂನ್ 5ರಂದು ಪೆಂಡಾಲ್ ಹಾಕಿ ಸಸಿ ಹಂಚುವುದು ಇಲ್ಲಿನ ಮಳೆಗೆ ಒಪ್ಪುವ ಲೆಕ್ಕವಲ್ಲ. ಜುಲೈ, ಆಗಸ್ಟಿನ ಒಣ ಗಾಳಿಗೆ ಅದರಲ್ಲಿ ಬಹುಪಾಲು ಹೋಗುತ್ತದೆ. ವರ್ಷಕ್ಕೆ ಐದು ಸಲ, ಒಂದೊಂದೇ ತಾಸು ಸೇರಿ: ಏಪ್ರಿಲ್‌ನಲ್ಲಿ ಲೋಟದ ಪರೀಕ್ಷೆ ಮತ್ತು ಹೆಂಟೆ ಎಬ್ಬಿಸುವುದು, ಜೂನ್‌ನಲ್ಲಿ ಮಡಿ ಮತ್ತು ಕಾಲುವೆ, ಸೆಪ್ಟೆಂಬರ್ ಕೊನೆಗೆ ಹಿಂಗಾರಿ ಬಿತ್ತನೆ, ಡಿಸೆಂಬರ್‌ನಲ್ಲಿ ಎಲೆ ಓದುವುದು, ಫೆಬ್ರುವರಿಯಲ್ಲಿ ಹೊದಿಕೆ ಮತ್ತು ಮಡಕೆ. ದಿನಾಂಕ ಮೊದಲೇ ಗೊತ್ತುಮಾಡಬೇಡಿ. ಹದ ಬಂದ ದಿನ ಗುಂಪಿಗೆ ಸುದ್ದಿ ಹೋಗಲಿ. ನಾಲ್ಕರಲ್ಲಿ ಒಂದು ಮಡಿಯನ್ನು ಬೇಕೆಂದೇ ಕೆಡಿಸಿ: ಮಳೆಯ ಮರುದಿನ ಅಗೆದು, ತುಳಿದು, ಹೊದಿಕೆ ಹಾಕದೆ, ಪಕ್ಕದ ಮಡಿಗೆ ಹಾಕಿದ ಬೀಜವನ್ನೇ ಅಷ್ಟೇ ಹಾಕಿ. ನೋಡಲು ಬಂದವರ ಕೈಗೆ ಎರಡೂ ಮಡಿಯ ಒಂದೊಂದು ಹಿಡಿ ಮಣ್ಣು ಕೊಟ್ಟರೆ ಮಾತಿನ ಕೆಲಸ ಕಡಿಮೆಯಾಗುತ್ತದೆ.

ಮಡಿ ಮಾಡುವ ಮುಂಚೆ ಮಣ್ಣಿನ ಮಾದರಿ ತೆಗೆಯಿರಿ. ಮೇಲಿನ ಕಸ ಸರಿಸಿ ಎಂಟು ಹತ್ತು ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಅರ್ಧ ಅಡಿ ಆಳ ತೋಡಿ, ಒಂದು ಬದಿಯಿಂದ ಬೆರಳು ದಪ್ಪ ಕೆರೆದುಕೊಳ್ಳಿ. ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡುತ್ತ ಅರ್ಧ ಕೆಜಿಗೆ ಇಳಿಸಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಗೊಬ್ಬರದ ಖಾಲಿ ಚೀಲ ಮುಟ್ಟಿಸಬೇಡಿ. ಜೊತೆಗೆ, ಹತ್ತು ನಿಮಿಷ ಪಂಪ್ ಓಡಿಸಿದ ಮೇಲೆ ಹಿಡಿದ ಒಂದು ಲೀಟರ್ ಬೋರ್ ನೀರು. ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡನ್ನೂ ಒಟ್ಟಿಗೆ ಒಯ್ಯಿರಿ. ಮಣ್ಣಿನಲ್ಲಿ ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಕಬ್ಬಿಣ, ಸತುವನ್ನೂ ನೀರಿನಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ (ನೀರು ಮಣ್ಣಿಗೆ ಸೋಡಿಯಂ ಏರಿಸುವ ಅಪಾಯದ ಅಳತೆ) ಅನ್ನೂ ಕೇಳಿ ಬರೆಸಿ. ನೀರಿನ ಆ ಕೊನೆಯ ಅಂಕಿ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದ್ದರೆ, ಲೋಟದಲ್ಲಿ ಮೋಡ ಕಾಣದಿದ್ದರೂ, ಜಿಪ್ಸಂ ವಿಚಾರವನ್ನು ಮತ್ತೆ ಎತ್ತೋಣ.